ಬೆಂಬಲ ಮುಗಿದ ಮೇಲೆ

ಪಾವಕಿ, ನಿಮಕಿ, ಪಾವಣಕಿ, ಸವಾಯಿಕಿ, ದೀಡಕಿ, ಅಡೀಚಕಿ. ಈ ಆರು ಹೆಸರುಗಳನ್ನು ಇಂದಿನ ಮಕ್ಕಳ ಮುಂದೆ ಹೇಳಿದರೆ ಯಾವುದೋ ಮಿಠಾಯಿ ಅಂಗಡಿಯ ಪಟ್ಟಿಯೆಂದು ಭಾವಿಸಿಯಾರು. ಇವು ಮಗ್ಗಿಗಳು. 1956ರ ನವೆಂಬರ್ 1ರವರೆಗೆ ನಮ್ಮ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು (ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ). ಹೀಗಾಗಿ ನಾವು ಕನ್ನಡ ಶಾಲೆಯಲ್ಲಿ ಕಲಿತರೂ ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆಯ ಮಗ್ಗಿಗಳು ಮರಾಠಿಯ ಹೆಸರು ಹೊತ್ತುಕೊಂಡೇ ನಮ್ಮ ಬಾಯಿಗೆ ಬಂದವು. ಸಂಜೆ ಶಾಲೆ ಬಿಡುವ ಮುನ್ನ ಇಡೀ ತರಗತಿ ಎದ್ದು ನಿಂತು ರಾಗವಾಗಿ ಹೇಳಬೇಕು: ದೀಡ ಏಳಲೆ ಸಾಡೆಹತ್ತು, ದೀಡ ಎಂಟಲೆ ಹನ್ನೆರಡು. ತಪ್ಪಿದವನ ಕಿವಿ ಗುರುಗಳ ಕೈಯಲ್ಲಿ.

ಇವು ಸುಮ್ಮನೆ ಹುಟ್ಟಿದವುಗಳಲ್ಲ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಸೇರಿಗೆ ಹದಿನಾರು ಛಟಾಕು, ಮಣಕ್ಕೆ ನಲವತ್ತು ಸೇರು. ಎಲ್ಲವೂ ಅರೆಯಾಗಿ, ಕಾಲಾಗಿ ಒಡೆಯುವ ಲೆಕ್ಕ. ದೀಡ ಸೇರು ಬೆಲ್ಲಕ್ಕೆ ಸೇರಿಗೆ ಏಳಾಣೆಯಂತೆ ಎಷ್ಟು ಎಂದು ಸಂತೆಯಲ್ಲಿ ಯಾರೂ ಕಾಗದ ತೆಗೆಯುತ್ತಿರಲಿಲ್ಲ. ಬಾಯಿಯೇ ಲೆಕ್ಕ ಹೇಳುತ್ತಿತ್ತು. ಅಕ್ಷರ ಬಾರದ ಗೃಹಿಣಿಯೂ ನೇಕಾರನೂ ಅಡೀಚಕಿಯನ್ನು ಗಟ್ಟಿಯಾಗಿ ಬಲ್ಲವರಾಗಿದ್ದರು.

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆಯಾಯಿತು. 1958ರಿಂದ ಹಂತಹಂತವಾಗಿ ಕಿಲೋಗ್ರಾಮು, ಮೀಟರು ಬಂದವು. ಆಗ ನನಗೆ ಹನ್ನೆರಡರ ಆಸುಪಾಸು. ಆಣೆಯ ನಾಣ್ಯಗಳೂ ಹೊಸ ಪೈಸೆಗಳೂ ಕೆಲವು ವರ್ಷ ಜೊತೆಜೊತೆಯಾಗಿ ಚಲಾವಣೆಯಲ್ಲಿದ್ದವು. ಸರಕಾರ ಹೊರಡಿಸಿದ ಪರಿವರ್ತನೆಯ ಕೋಷ್ಟಕವೊಂದಿತ್ತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯಾ ಪೈಸೆ. ಒಂದಾಣೆಯ ನಿಜವಾದ ಬೆಲೆ ಆರೂಕಾಲು ಪೈಸೆ. ಆ ಕಾಲು ಪೈಸೆ ಎಲ್ಲಿ ಹೋಯಿತೆಂದು ನಾವು ಹುಡುಗರು ತಲೆ ಕೆಡಿಸಿಕೊಂಡಿದ್ದೆವು. ನಾಲ್ಕಾಣೆಯ ಗುರುತಾದ 25 ಪೈಸೆಯ ನಾಣ್ಯವಂತೂ 2011ರ ಜೂನ್ 30ರವರೆಗೆ ಬದುಕಿತ್ತು. ಆದರೆ ಮಗ್ಗಿಗಳಿಗೆ ಯಾವ ಕೋಷ್ಟಕವೂ ಇರಲಿಲ್ಲ. ನಾನು ಮಾಸ್ತರನಾಗಿ ಸೇರುವ ಹೊತ್ತಿಗೆ ಪಠ್ಯದಿಂದ ಅವು ಹೊರಬಿದ್ದಿದ್ದವು. ಮಳೆ ಬಂದು ಆಟದ ತಾಸು ತಪ್ಪಿದ ದಿನಗಳಲ್ಲಿ ಮಾತ್ರ ಹುನಗುಂದದ ತರಗತಿಯಲ್ಲಿ ನಾನವನ್ನು ಹೇಳಿಕೊಡುತ್ತಿದ್ದೆ. ಈ ಬರಹ ಓದುವ ನಿಮ್ಮಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು.

ಹಾಗೆ ಕಲಿತವರಲ್ಲಿ ಇಳಕಲ್ಲಿನ ನೇಕಾರರ ಮನೆಯ ಹುಡುಗನೊಬ್ಬನಿದ್ದ. ನಾನು 2003ರಲ್ಲಿ ನಿವೃತ್ತನಾದಾಗ ಎಂಟನೆಯ ತರಗತಿಯಲ್ಲಿದ್ದವನು. ಮುಂದೆ ಬಾಗಲಕೋಟೆಯಲ್ಲಿಯೇ ಎಂಜಿನಿಯರಿಂಗ್ ಓದಿದ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾನೆ. ಇಲ್ಲಿ ಅವನು 'ಹುಡುಗ'ನಾಗಿಯೇ ಇರಲಿ, ಮೂವತ್ತೈದು ದಾಟಿದ್ದರೂ. 2012ರ ಕೊನೆಯಲ್ಲಿ ಒಂದು ಭಾನುವಾರ ನವನಗರದ ನಮ್ಮ ಮನೆಗೆ ಬಂದು, "ಸರ್, ಆ ಮಗ್ಗಿಗಳನ್ನು ನಿಮ್ಮ ಧ್ವನಿಯಲ್ಲಿ ಬೇಕು; ವಿಂಡೋಸ್ ಫೋನಿಗೆ ಒಂದು ಆ್ಯಪ್ ಮಾಡುತ್ತಿದ್ದೇನೆ" ಎಂದ. ಆಣೆ ಹೋದ ಮೇಲೆ ಅದು ಯಾರಿಗೆ ಬೇಕಪ್ಪಾ ಎಂದು ಕೇಳಿದೆ. ತನ್ನ ಅಜ್ಜ ಇಂದಿಗೂ ನೂಲಿನ ತೂಕವನ್ನೂ ಕೂಲಿಯನ್ನೂ ದೀಡಕಿಯಲ್ಲಿಯೇ ಎಣಿಸುತ್ತಾನೆ, ಅಜ್ಜನ ನಂತರ ಮನೆಯಲ್ಲಿ ಅದು ಯಾರಿಗೂ ಬಾರದು ಎಂದ. ಅನಂತರ ಹೇಳಿದ ಮಾತು ನನಗೆ ಹಿಡಿಸಿತು: "ಪಾವಕಿ ದೀಡಕಿ ಎಲ್ಲ ಆಣೆ ಸೇರು ಎಂಬ ಯಂತ್ರಕ್ಕೆ ಬರೆದ ಪ್ರೋಗ್ರಾಮುಗಳು ಸರ್. ಯಂತ್ರ ನಿಂತಿತು, ಪ್ರೋಗ್ರಾಮು ಬಾಯಲ್ಲಿ ಉಳಿದಿದೆ."

ಎರಡು ಮಧ್ಯಾಹ್ನ ಕೂತು ಧ್ವನಿ ತುಂಬಿಸಿದೆವು. ಫ್ಯಾನಿನ ಸದ್ದು ಬರುತ್ತದೆಂದು ಅದನ್ನು ಆರಿಸಿ, ಕಿಟಕಿಗೆ ಕೌದಿ ಹೊದಿಸಿ, ಬೆವರು ಸುರಿಸುತ್ತ ನಾನು ಒದರಿದೆ. ನನ್ನವಳು ಒಳಗಿನಿಂದ ನಗುತ್ತಿದ್ದಳು. 2013ರ ಬೇಸಿಗೆಯಲ್ಲಿ ಆ್ಯಪ್ ಹೊರಬಂತು. ಅವನ ಹಳೆಯ ಫೋನೊಂದನ್ನು ನನಗೇ ಕೊಟ್ಟ. ತೆರೆದರೆ ಹಸಿರು ಚೌಕಗಳು, ಒತ್ತಿದರೆ ನನ್ನದೇ ಧ್ವನಿ. ಆ ವಯಸ್ಸಿನಲ್ಲಿ ಅಂಥ ಸಂತೋಷಕ್ಕೆ ನಾಚಿಕೆಪಡಬಾರದು.

ಈ ಆ್ಯಪ್ ಕಟ್ಟುವವರನ್ನು ಕಂಪನಿಗಳು ಆ ದಿನಗಳಲ್ಲಿ ಹೇಗೆ ಉಪಚರಿಸುತ್ತಿದ್ದವೆಂಬುದನ್ನು ಅವನ ಬಾಯಿಂದ ಕೇಳಿದಾಗ ನನಗೆ ಹಳ್ಳಿಯ ಜಾತ್ರೆಯ ದಾಸೋಹ ನೆನಪಾಯಿತು. ಮೈಕ್ರೋಸಾಫ್ಟ್ 2010ರ ಕೊನೆಯಲ್ಲಿ ವಿಂಡೋಸ್ ಫೋನನ್ನು ಮಾರುಕಟ್ಟೆಗೆ ತಂದಾಗ ಐಫೋನೂ ಆ್ಯಂಡ್ರಾಯ್ಡೂ ಬಹಳ ಮುಂದೆ ಹೋಗಿದ್ದವು. ಆ್ಯಪ್ ಇಲ್ಲದೆ ಜನ ಬಾರರು, ಜನರಿಲ್ಲದೆ ಆ್ಯಪ್ ಬರೆಯುವವರು ಬಾರರು. ಆದ್ದರಿಂದ ಬರೆಯುವವರನ್ನು ಕೈಹಿಡಿದು ಕರೆಯಬೇಕಾಯಿತು. ಬರೆಯುವ ಸಾಧನಗಳು ಉಚಿತ. ವರ್ಷಕ್ಕೆ 99 ಡಾಲರಿನ ನೋಂದಣಿ ಶುಲ್ಕ ಡ್ರೀಮ್‌ಸ್ಪಾರ್ಕ್ ಯೋಜನೆಯ ವಿದ್ಯಾರ್ಥಿಗಳಿಗೆ ಮಾಫಿ. ಕಾಲೇಜುಗಳಲ್ಲಿ ಕಾರ್ಯಾಗಾರ, ಸ್ಪರ್ಧೆ, ಬಹುಮಾನವಾಗಿ ಫೋನು. ಬಾಗಲಕೋಟೆಯ ಹುಡುಗನೊಬ್ಬ ತನ್ನ ಕೋಣೆಯಲ್ಲಿ ಕುಳಿತು ಬರೆದದ್ದು ಜಗತ್ತಿನ ಅಂಗಡಿಯಲ್ಲಿ ಇರಬಲ್ಲದು ಎಂಬುದೇ ಒಂದು ಹೊಸ ಧೈರ್ಯ. ಅದನ್ನು ನಾನು ಹಗುರವಾಗಿ ಕಾಣಲಾರೆ. ಬೆಂಗಳೂರಿನ ಬಸ್ಸು ಹತ್ತದೆ ಏನಾದರೂ ಕಟ್ಟಬಹುದೆಂದು ನಮ್ಮ ಕಡೆಯ ಮಕ್ಕಳಿಗೆ ಮೊದಲು ಅನ್ನಿಸಿದ್ದು ಹೀಗೆ.

ಆದರೆ ಅವನ ಹಿರಿಯರೊಬ್ಬರು, ಬೆಂಗಳೂರಿನಲ್ಲಿ ನೋಕಿಯಾ ಫೋನುಗಳಿಗೆ ತಂತ್ರಾಂಶ ಬರೆಯುತ್ತಿದ್ದವರು, ಆಗಲೇ ಎಚ್ಚರಿಸಿದ್ದರಂತೆ. ಅವರ ಕಥೆಯನ್ನೂ ಹೇಳಿಬಿಡುತ್ತೇನೆ. ನೋಕಿಯಾ ಫೋನುಗಳ ಒಳಗಿದ್ದ ವ್ಯವಸ್ಥೆಯ ಹೆಸರು ಸಿಂಬಿಯನ್. 1998ರಲ್ಲಿ ಲಂಡನ್ನಿನಲ್ಲಿ ಆರಂಭವಾದದ್ದು. ಅದಕ್ಕೆ ಬರೆಯುವುದು ಕಠಿಣ ತಪಸ್ಸು: ಸಿ++ ಭಾಷೆಯದೇ ಒಂದು ವಿಚಿತ್ರ ಉಪಭಾಷೆ, ಮೇಲಾಗಿ ಆ್ಯಪ್‌ಗಳಿಗೆ ಸಹಿಯ ಪ್ರಮಾಣಪತ್ರ. ಆ ಕಷ್ಟ ನೀಗಿಸಲೆಂದು ನೋಕಿಯಾ 2008ರಲ್ಲಿ ಟ್ರೋಲ್‌ಟೆಕ್ ಎಂಬ ನಾರ್ವೆಯ ಕಂಪನಿಯನ್ನು ಕೊಂಡು, ಅದರ ಕ್ಯೂಟಿ ಎಂಬ ಸಾಧನವನ್ನು ಕಲಿಯಿರಿ, ಇನ್ನು ಮುಂದೆ ಇದೇ ಹಾದಿ ಎಂದು ಬರೆಯುವವರಿಗೆಲ್ಲ ಹೇಳಿತು. ಸಾವಿರಾರು ಜನ ಕಲಿತರು. 2011ರ ಫೆಬ್ರವರಿಯಲ್ಲಿ ನೋಕಿಯಾದ ಮುಖ್ಯಾಧಿಕಾರಿ ಸ್ಟೀಫನ್ ಎಲಾಪ್ ನೌಕರರಿಗೆ ಬರೆದ ಪತ್ರವೊಂದು ಹೊರಬಿತ್ತು. ಉತ್ತರ ಸಮುದ್ರದ ತೈಲದ ಅಟ್ಟಣಿಗೆಗೆ ಬೆಂಕಿ ಬಿದ್ದಾಗ ಮಂಜಿನಂಥ ನೀರಿಗೆ ಹಾರಿದವನ ದೃಷ್ಟಾಂತ ಅದರಲ್ಲಿತ್ತು. ಅದೇ ತಿಂಗಳ 11ರಂದು, ಇನ್ನು ನಮ್ಮ ಸ್ಮಾರ್ಟ್‌ಫೋನುಗಳಲ್ಲಿ ವಿಂಡೋಸ್ ಫೋನೇ ಮುಖ್ಯ ಎಂಬ ಘೋಷಣೆ. ಅದರಲ್ಲಿ ಕ್ಯೂಟಿಗೆ ಜಾಗವಿರಲಿಲ್ಲ. ಅಟ್ಟಣಿಗೆಯಿಂದ ಹಾರಿದವನ ಕಥೆಯನ್ನು ನಾನೂ ಓದಿದೆ. ಅಟ್ಟಣಿಗೆಯ ಮೇಲೆ ಕಟ್ಟಿಗೆ ಹೊತ್ತು ಬಂದು ಮನೆ ಕಟ್ಟಿಕೊಂಡವರ ಸುದ್ದಿ ಅದರಲ್ಲಿಲ್ಲ.

ಹಾಗೆಂದು ನೋಕಿಯಾ ರಾತ್ರೋರಾತ್ರಿ ಬಾಗಿಲು ಹಾಕಿತೆನ್ನುವಂತಿಲ್ಲ. ಸಿಂಬಿಯನ್ನಿನ ಕೆಲಸವನ್ನೂ ಭಾರತವೂ ಸೇರಿದಂತೆ ಐದು ದೇಶಗಳ ಸುಮಾರು 2,300 ನೌಕರರನ್ನೂ 2011ರಲ್ಲಿ ಆ್ಯಕ್ಸೆಂಚರ್ ಕಂಪನಿಗೆ ಒಪ್ಪಿಸಿ, 2016ರವರೆಗೆ ಬೆಂಬಲವಿರುತ್ತದೆ ಎಂದಿತು. ಆದರೆ 2014ರ ಜನವರಿ 1ರಿಂದ ಸಿಂಬಿಯನ್ನಿಗೆ ಹೊಸ ಆ್ಯಪ್ ಆಗಲಿ, ಹಳೆಯದರ ತಿದ್ದುಪಡಿಯಾಗಲಿ ನೋಕಿಯಾ ಅಂಗಡಿಯೊಳಗೆ ಹೋಗುವಂತಿರಲಿಲ್ಲ. ಅದೇ ವರ್ಷ ನವೆಂಬರ್ 1ರಂದು ಚೆನ್ನೈ ಬಳಿಯ ಶ್ರೀಪೆರಂಬುದೂರಿನ ಕಾರ್ಖಾನೆಯೂ ನಿಂತಿತು.

ವಿಂಡೋಸ್ ಫೋನಿನ ಕಥೆ ಇದಕ್ಕಿಂತ ನಿಧಾನ. 2012ರ ಜೂನಿನಲ್ಲಿಯೇ ಏಳನೆಯ ಆವೃತ್ತಿಯ ಫೋನುಗಳು ಎಂಟಕ್ಕೆ ಏರಲಾರವು ಎಂದು ಹೇಳಲಾಗಿತ್ತು. ಹಳೆಯ ಆ್ಯಪ್‌ಗಳು ಹೊಸದರಲ್ಲಿ ನಡೆಯುತ್ತಿದ್ದವು, ನಿಜ. ಆದರೆ ಬರೆಯುವ ರೀತಿ 2014ರ 8.1ರಲ್ಲಿ ಒಮ್ಮೆ, 2015ರ ಹತ್ತರಲ್ಲಿ ಮತ್ತೊಮ್ಮೆ ಬದಲಾಯಿತು. ಒಂದೇ ಪಾಠವನ್ನು ಐದು ವರ್ಷದಲ್ಲಿ ಮೂರು ಲಿಪಿಯಲ್ಲಿ ಬರೆಯಿಸಿದರೆ ಒಳ್ಳೆಯ ವಿದ್ಯಾರ್ಥಿಯೂ ಪಾಟಿ ಕೆಳಗಿಡುತ್ತಾನೆ. 2015ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಫೋನಿನ ವ್ಯವಹಾರದಲ್ಲಿ 7.6 ಶತಕೋಟಿ ಡಾಲರನ್ನು ನಷ್ಟವೆಂದು ಬರೆದುಕೊಂಡಿತು. 2017ರ ಅಕ್ಟೋಬರಿನಲ್ಲಿ ಅದರ ಹಿರಿಯ ಅಧಿಕಾರಿ ಜೋ ಬೆಲ್ಫಿಯೋರ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು: ಬರೆಯುವವರಿಗೆ ಹಣ ಕೊಟ್ಟೆವು, ಅವರ ಪರವಾಗಿ ನಾವೇ ಬರೆದುಕೊಟ್ಟೆವು, ಆದರೆ ಬಳಸುವವರ ಸಂಖ್ಯೆ ತೀರ ಕಡಿಮೆ. ಮುಂದಿನದೆಲ್ಲ ಪಂಚಾಂಗದಂತೆ ಕ್ರಮವಾಗಿ ನಡೆಯಿತು. 8.1 ಮತ್ತು ಅದರ ಹಿಂದಿನ ಫೋನುಗಳಿಗೆ ಹೊಸ ಆ್ಯಪ್ ಸ್ವೀಕರಿಸುವುದು 2018ರ ಅಕ್ಟೋಬರ್ 31ಕ್ಕೆ ನಿಂತಿತು. ತಿದ್ದುಪಡಿಗಳನ್ನು ತಲುಪಿಸುವುದು 2019ರ ಜುಲೈ 1ಕ್ಕೆ. ಅಂಗಡಿ ಮುಚ್ಚಿದ್ದು ಡಿಸೆಂಬರ್ 16ಕ್ಕೆ. ವಾಟ್ಸ್‌ಆ್ಯಪ್ ಹೊರಟದ್ದು 31ಕ್ಕೆ. ಹತ್ತನೆಯ ಆವೃತ್ತಿಯ ಬೆಂಬಲವೂ 2020ರ ಜನವರಿ 14ಕ್ಕೆ ಮುಗಿಯಿತು.

ಬೆಂಬಲ ಎಂದೆನಷ್ಟೆ. ಕನ್ನಡ ಮಾಸ್ತರನ ಚಾಳಿ, ಕ್ಷಮೆಯಿರಲಿ: ಬೆನ್ನಿಗೆ ನಿಂತ ಬಲ ಬೆಂಬಲ. ಎದುರಿಗಿದ್ದವನು ಹೋದರೆ ಕೂಡಲೇ ಕಾಣುತ್ತದೆ. ಬೆನ್ನ ಹಿಂದಿದ್ದವನು ಹೋದದ್ದು ತಿರುಗಿ ನೋಡುವತನಕ ತಿಳಿಯದು. ಅಂಗಡಿ ಮುಚ್ಚಿದ ಮರುದಿನವೂ ನನ್ನ ಫೋನಿನಲ್ಲಿ ದೀಡಕಿ ಎಂದಿನಂತೆ ಕೇಳಿಸಿತು. ಹಾಕಿಕೊಂಡ ಆ್ಯಪ್ ನಡೆಯುತ್ತಿರುತ್ತದೆ. ಆದರೆ ಫೋನನ್ನು ಒರೆಸಿ ಹೊಸದಾಗಿ ಆರಂಭಿಸಿದರೆ ಮತ್ತೆ ತರಲು ಅಂಗಡಿಯೇ ಇಲ್ಲ. ಬರೆದವನ ಸ್ಥಿತಿ ಇನ್ನೂ ವಿಚಿತ್ರ. ತನ್ನ ತಪ್ಪು ಕಂಡರೂ ತಿದ್ದಿ ಕಳಿಸಲಾರ.

"ಹೇಳಿ ಮಾಡಿದರು ಸರ್, ತಿಂಗಳುಗಟ್ಟಲೆ ಮೊದಲೇ ತಾರೀಖು ಕೊಟ್ಟಿದ್ದರು" ಎಂದು ಹುಡುಗ ನ್ಯಾಯವಾಗಿಯೇ ಹೇಳುತ್ತಾನೆ. ಹಾಗಾದರೆ ಆ್ಯಂಡ್ರಾಯ್ಡಿಗೆ ಏಕೆ ಒಯ್ಯಲಿಲ್ಲ ಎಂದು ಕೇಳಿದಾಗ ಅವನು ವಿವರಿಸಿದ್ದು ತನ್ನ ಮನೆಯ ಮಗ್ಗದ ಭಾಷೆಯಲ್ಲಿ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವುದೇ ತೋಪು ತೆನಿ. ಪ್ರತಿಯೊಂದು ಸೀರೆಗೂ ಹೊಸದಾಗಿ ಮಾಡಬೇಕು, ಯಂತ್ರಕ್ಕೆ ಬಿಡುವಂತಿಲ್ಲ. "ಫೋನು ಬದಲಿಸುವುದೆಂದರೆ ಹಾಗೆಯೇ. ಗುಂಡಿಯೊಂದು ಒತ್ತಿದರೆ ಏನಾಗಬೇಕು ಎಂಬ ಪ್ರತಿ ಎಳೆಯನ್ನೂ ಬಿಚ್ಚಿ ಹೊಸ ಎಳೆಗೆ ಕುಣಿಕೆ ಹಾಕಬೇಕು. ಭಾಷೆಯೇ ಬೇರೆ. ಧ್ವನಿ ಮಾತ್ರ ಇದ್ದ ಹಾಗೆ ಬರುತ್ತದೆ." ಅಷ್ಟರಲ್ಲಿ ಅವನಿಗೆ ನೌಕರಿ, ಮದುವೆ, ಮಗು. ಒಂದು ರೂಪಾಯಿಯೂ ತಾರದ ಆ್ಯಪ್‌ಗಾಗಿ ಆರು ತಿಂಗಳ ರಾತ್ರಿಗಳು ಎಲ್ಲಿಂದ ಬರಬೇಕು? ದೊಡ್ಡ ಕಂಪನಿಯ ಆ್ಯಪ್‌ಗೆ ಹೊಸ ಹಾಸು ಹೂಡಲು ನೂರು ಕೈಗಳಿರುತ್ತವೆ. ಒಬ್ಬನೇ ಬರೆದದ್ದು, ಸಣ್ಣ ಭಾಷೆಯದು, ಪುಕ್ಕಟೆಯದು, ಅಂಥವೇ ಮೊದಲು ಬೀಳುತ್ತವೆ. ಆಣೆಗೆ ಆರೂಕಾಲರ ಕಾಲು ಪೈಸೆ ಕಳೆದುಕೊಂಡವರೂ ಒಂದಾಣೆಯ ಸರಕು ಕೊಳ್ಳುವವರೇ ಹೊರತು ರೂಪಾಯಿಯದನ್ನು ಕೊಳ್ಳುವವರಲ್ಲ.

ಬಾಗಲಕೋಟೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು 519.6 ಮೀಟರಿಗೆ ನಿಲ್ಲುವುದೆಂದಾಗ ನಮಗೂ ನೋಟೀಸು ಬಂತು, ಅಳತೆಯಾಯಿತು, ಪರಿಹಾರ ಬಂತು, ನವನಗರದಲ್ಲಿ ಸೆಕ್ಟರಿನ ಸಂಖ್ಯೆಯುಳ್ಳ ಜಾಗ ಬಂತು. ಬಾಗಿಲ ಚೌಕಟ್ಟನ್ನೂ ಕಂಬಗಳನ್ನೂ ಕಿತ್ತು ತಂದು ಹೊಸ ಮನೆಗೆ ಕೂಡಿಸಿದವರು ಬಹಳ ಮಂದಿ. ಓಣಿಯನ್ನು ಕಿತ್ತು ತರಲಾಗಲಿಲ್ಲ. ಎದುರುಮನೆಯವರು ಹದಿನಾರನೆಯ ಸೆಕ್ಟರಿಗೆ, ನಾವು ಮತ್ತೊಂದಕ್ಕೆ.

ಉಳಿದ ಮಾತ್ರಕ್ಕೆ ಓದಲು ಬರುತ್ತದೆಂದೂ ಇಲ್ಲ. ಬಾದಾಮಿಯಲ್ಲಿ ನಾನು ಕೆಲಸ ಮಾಡಿದ ಕಾಲದಲ್ಲಿ ವರ್ಷಕ್ಕೊಮ್ಮೆ ಮಕ್ಕಳನ್ನು ಮೂರನೆಯ ಗುಹೆಗೆ ಕರೆದೊಯ್ಯುತ್ತಿದ್ದೆ. ಮಂಗಳೇಶನ 578ರ ಶಾಸನವಿರುವ ಗುಹೆ. ಕಲ್ಲು ಅಲ್ಲಾಡಿಲ್ಲ, ಅಕ್ಷರ ಸವೆದಿಲ್ಲ. ಆದರೂ "ಸರ್, ಇದರಲ್ಲಿ ಕನ್ನಡವೂ ಇದೆಯಂತೆ, ನಮಗೇಕೆ ಓದಲು ಬರುವುದಿಲ್ಲ?" ಎಂದು ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಿದ್ದ. ಲಿಪಿ ಮುಂದೆ ಸಾಗಿತು, ಶಾಸನ ಅಲ್ಲಿಯೇ ನಿಂತಿತು. ನಡುವೆ ಫ್ಲೀಟ್‌ರಂಥ ವಿದ್ವಾಂಸರು ಕೂತು ಓದಿಕೊಡಬೇಕಾಯಿತು.

ಹಾಗಾದರೆ ನಿಂತುಹೋಗುವ ಯಂತ್ರ ತನ್ನ ಮೇಲೆ ದುಡಿದವರಿಗೆ ಏನು ಕೊಡಬೇಕು? ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಉದಾಹರಣೆಯಿದೆ. ಈಗ ಯಾರೂ ಅದರ ಹೆಸರೆತ್ತುವುದಿಲ್ಲ. ಸಿಂಪ್ಯೂಟರ್ ಎಂಬ ಅಂಗೈ ಯಂತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ 2001ರ ಹೊತ್ತಿಗೆ ರೂಪಿಸಿದ್ದು. ಫೋನಲ್ಲ, ಆದರೆ ಇಂದಿನ ಸ್ಮಾರ್ಟ್‌ಫೋನಿನ ಅಣ್ಣನೆನ್ನಬಹುದು: ಬೆರಳಳತೆಯ ಕಡ್ಡಿಯಿಂದ ಮುಟ್ಟುವ ಪರದೆ, ಒಳಗೆ ಲಿನಕ್ಸ್. ಓದು ಬಾರದವರಿಗೂ ಉಪಯೋಗವಾಗಲಿ ಎಂಬುದು ಅದರ ಆಸೆ. ಕರ್ನಾಟಕ ಸರಕಾರ ಭೂದಾಖಲೆಯ ಕೆಲಸಕ್ಕೂ ಅದನ್ನು ಬಳಸಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಎಂಬ ಮಾದರಿ ಮಾರುಕಟ್ಟೆಗೂ ಬಂತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಆದರೆ ಅದಕ್ಕೆಂದು ಪ್ರೊಫೆಸರ್ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಹುಟ್ಟಿದ 'ಧ್ವನಿ' ಎಂಬ ತಂತ್ರಾಂಶ, ಭಾರತೀಯ ಭಾಷೆಗಳ ಬರಹವನ್ನು ಗಟ್ಟಿಯಾಗಿ ಓದಿ ಹೇಳುವಂಥದು, ಯಂತ್ರದ ಜೊತೆ ಸಾಯಲಿಲ್ಲ. ಅದರ ಮೂಲ ಬರಹವೆಲ್ಲ ತೆರೆದಿತ್ತು. ಕೇರಳದ ಸಂತೋಷ್ ತೋಟ್ಟಿಂಗಲ್ ಎಂಬ ಎಂಜಿನಿಯರು ಎತ್ತಿಕೊಂಡು ಸಾಮಾನ್ಯ ಲಿನಕ್ಸ್ ಗಣಕಗಳಲ್ಲಿ ಬೆಳೆಸಿದರು. ಕನ್ನಡವೂ ಆ ಭಾಷೆಗಳಲ್ಲಿ ಒಂದು. ಎಚ್‌ಪಿ ಕಂಪನಿ 2011ರಲ್ಲಿ ತನ್ನ ವೆಬ್‌ಓಎಸ್ ಫೋನುಗಳನ್ನು ನಿಲ್ಲಿಸಿತಾದರೂ ಆ ವ್ಯವಸ್ಥೆಯ ಮೂಲವನ್ನು ಮುಕ್ತಗೊಳಿಸಿತು. ಅದು ಇಂದು ಎಲ್‌ಜಿ ಟೀವಿಗಳೊಳಗೆ ಬದುಕಿದೆ. ಫೈರ್‌ಫಾಕ್ಸ್ ಫೋನುಗಳು ಹೋದ ಮೇಲೆ ಅದೇ ಬುನಾದಿಯ ಮೇಲೆ ಕೈಓಎಸ್ ಎದ್ದು, 2017ರಲ್ಲಿ ಜಿಯೋಫೋನಾಗಿ ನಮ್ಮ ಹಳ್ಳಿಗಳ ಕೈಗೆ ಬಂತು. ಸ್ಪರ್ಧೆಯ ಬಹುಮಾನಗಳಿಗಿಂತ, ಹೊರಡುವ ಹೊತ್ತಿನಲ್ಲಿ ಬೀಗದ ಕೈಯನ್ನು ಪಡಸಾಲೆಯಲ್ಲಿ ಇಟ್ಟು ಹೋಗುವುದು ದೊಡ್ಡ ಬೆಂಬಲವೆಂದು ನನಗನ್ನಿಸುತ್ತದೆ. ವ್ಯಾಪಾರಸ್ಥರು ಇದನ್ನು ಒಪ್ಪಲಾರರು, ಇರಲಿ.

2020ರ ಲಾಕ್‌ಡೌನಿನಲ್ಲಿ ಹುಡುಗ ಬೆಂಗಳೂರಿನಿಂದ ಇಳಕಲ್ಲಿಗೆ ಬಂದ. ಅಜ್ಜ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದ. ಏಳು ವರ್ಷ ದುಡಿದ ನನ್ನ ಫೋನು ಮುಪ್ಪಾಗಿ ಕಣ್ಣು ಮುಚ್ಚಿತ್ತು. ನನ್ನ ಗಂಟಲೂ ಶಸ್ತ್ರಚಿಕಿತ್ಸೆಯ ನಂತರ ಮೊದಲಿನಂತಿಲ್ಲ. ನಿಮ್ಮಲ್ಲಿ ಫೋನು ಮಾಡಿದವರಿಗೆ ಗೊತ್ತು. ಅಡೀಚಕಿಯನ್ನು ಮೂವತ್ತರವರೆಗೆ ಒಂದೇ ಉಸಿರಿನ ಓಟದಲ್ಲಿ ಮತ್ತೊಮ್ಮೆ ಹೇಳಬಲ್ಲವರು ನಮ್ಮ ಪರಿಚಯದಲ್ಲಿ ಯಾರಿದ್ದಾರೆಂದು ಇಬ್ಬರೂ ಬೆರಳು ಮಡಿಸಿದೆವು. ಇಬ್ಬರು ಸಿಕ್ಕರು, ಇಬ್ಬರೂ ನನಗಿಂತ ಹಿರಿಯರು. ಅಟ್ಟದ ಮೇಲಿನ ಹಳೆಯ ಡಿಸ್ಕನ್ನು ಅವನು ಇಳಿಸಿ ನೋಡಿದ. ಆ್ಯಪ್‌ನ ಬರಹ ಈಗ ಯಾವ ಫೋನಿಗೂ ಬೇಡ. ಧ್ವನಿಯ ಕಡತಗಳು ಮಾತ್ರ ಆರಕ್ಕೆ ಆರೂ ಇದ್ದವು.

ಅವನ್ನು ಈ ಸಲ ಯಾವ ಅಂಗಡಿಗೂ ಹಾಕಿಲ್ಲ. ಸಾಮಾನ್ಯ ಎಂಪಿ3 ಕಡತಗಳಾಗಿಯೇ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ. ನಾಲ್ಕು ಕಡೆ ಪ್ರತಿ ಮಾಡಿ ಇಟ್ಟಿದ್ದೇವೆ. ಬೇಕೆನ್ನುವವರು ನನಗೆ ಒಂದು ಸಾಲು ಬರೆದರೆ ಸಾಕು, ಕಳಿಸುತ್ತೇನೆ. ನೀವೂ ಬೇಕಾದವರಿಗೆ ಕೊಡಿ. ಅಡೀಚಕಿಯಲ್ಲಿ ಹದಿನೇಳು ದಾಟಿದ ಮೇಲೆ, ಕೌದಿ ಹೊದಿಸಿದ್ದರೂ, ಬೀದಿಯಲ್ಲಿ ಮೆಂತ್ಯಪಲ್ಯ ಮಾರುವವಳ ಕೂಗು ಸಣ್ಣಗೆ ಕೇಳುತ್ತದೆ. ಅದನ್ನು ಕತ್ತರಿಸಲೇ ಎಂದು ಹುಡುಗ ಕೇಳಿದ. ಬೇಡ ಎಂದೆ.